ಕಂಟ್ರೋಲ್ ರೂಮಿಗೆ ಎಲ್‌ಇಡಿ ಗೋಡೆ: ಟೇಪು ಹಿಡಿದು ಮೊದಲು ಕುರ್ಚಿಯ ಹತ್ತಿರ ಹೋಗಿ

ಸೇಡಂ, ಮಳಖೇಡ, ವಾಡಿ, ಚಿತ್ತಾಪುರ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಸುಣ್ಣದಕಲ್ಲು ಸಿಗುವ ಕಡೆಯೆಲ್ಲ ಸಿಮೆಂಟ್ ಕಾರ್ಖಾನೆಗಳಿವೆ. ಹೊರಗೆ ಬಿಸಿಲು, ಧೂಳು, ಲಾರಿಗಳ ಸದ್ದು. ಒಳಗೆ ಒಂದು ತಣ್ಣನೆಯ ಕೋಣೆ. ಎಲ್ಲರ ಬಾಯಲ್ಲೂ ಅದು ಸಿಸಿಆರ್, ಅಂದರೆ ಸೆಂಟ್ರಲ್ ಕಂಟ್ರೋಲ್ ರೂಮ್. ಸುಣ್ಣದಕಲ್ಲು ಬೇಯಿಸುವ ಕಿಲ್ನ್, ಅರೆಯುವ ಮಿಲ್ಲು, ತಣಿಸುವ ಕೂಲರ್, ಎಲ್ಲವನ್ನೂ ನಾಲ್ಕಾರು ಜನ ಅಲ್ಲಿ ಕೂತು ಕಾಯುತ್ತಾರೆ. ಇನ್‌ಸ್ಟ್ರುಮೆಂಟ್ ಕೆಲಸದವನಾಗಿ ನಾನು ಅಂಥ ಕೋಣೆಗಳಲ್ಲಿ ಬಹಳ ರಾತ್ರಿ ಕಳೆದಿದ್ದೇನೆ.

ಈಗೀಗ ಗೆಳೆಯರ ಫೋನ್ ಬಂದರೆ ಒಂದೇ ಮಾತು: "ದೊಡ್ಡ ಎಲ್‌ಇಡಿ ಗೋಡೆ ಹಾಕಿಸ್ರಿ ಅಂತ ಸಾಹೇಬ್ರು ಅಂದಾರ. ಎಷ್ಟು ಇಂಚು ಬೇಕು, ಎಷ್ಟು ರೊಕ್ಕ ಇಡಬೇಕು?" ಗೋಡೆ ಅಂದರೆ ಇಲ್ಲಿ ಸಣ್ಣ ಎಲ್‌ಇಡಿ ಚುಕ್ಕಿಗಳಿಂದ ಮಾಡಿದ ದೊಡ್ಡ ಪರದೆ. ಇಂಚು ಮತ್ತು ರೊಕ್ಕ, ಇವೆರಡೂ ಲೆಕ್ಕದ ಕೊನೆಯಲ್ಲಿ ಬರಬೇಕಾದ ಉತ್ತರಗಳು. ಲೆಕ್ಕ ಶುರುವಾಗಬೇಕಾದ್ದು ಆಪರೇಟರ್ ಕೂರುವ ಕುರ್ಚಿಯಿಂದ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೊಮ್ಮೆ ಪೂರೈಕೆದಾರರೊಬ್ಬರ ಶೋರೂಮಿಗೆ ಹೋಗಿ ಗೋಡೆ ನೋಡಿದ್ದೆವು. ಹೂವು, ಜಲಪಾತ, ನವಿಲು, ಎಲ್ಲ ಝಗಮಗ. ಅಲ್ಲೇ ಒಪ್ಪಿಬಿಟ್ಟೆವು. ಕಾರ್ಖಾನೆಯಲ್ಲಿ ಅದನ್ನು ಹಚ್ಚಿದ ಮೂರನೇ ರಾತ್ರಿ ಆಪರೇಟರ್ ಒಬ್ಬರು ಬಂದು, "ಸರ್, ನಡುರಾತ್ರಿ ಕಣ್ಣು ಉರಿಲಿಕತ್ತಾವ್ರಿ, ಜರಾ ಕಮ್ಮಿ ಮಾಡ್ರಿ" ಅಂದರು. ಬೆಳಕು ಇಳಿಸಿದೆವು. ಆಗ ಬೂದು ಬಣ್ಣದ ಗೆರೆಗಳು ಹಸಿರಾಗಿ ಕಂಡವು, ಸಣ್ಣ ಅಂಕಿಗಳು ಮಸುಕಾದವು. ಆ ಗೋಡೆಗೆ ಕೊಟ್ಟ ದುಡ್ಡಿನ ಅರ್ಧ ಭಾಗ ಉಪಯೋಗಕ್ಕೇ ಬರಲಿಲ್ಲ. ನೀವು ಹಾಗೆ ಮೋಸಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಗೋಡೆಯ ಮೇಲೆ ಏನು ಇರಬೇಕು?

ಪ್ರತಿ ಆಪರೇಟರ್ ಮುಂದೆ ಆಗಲೇ ಮೂರು ನಾಲ್ಕು ಮಾನಿಟರ್ ಇರುತ್ತವೆ. ಅದೇ ಚಿತ್ರವನ್ನು ದೊಡ್ಡದಾಗಿ ತೋರಿಸಲು ಗೋಡೆ ಬೇಕಿಲ್ಲ. ಎಲ್ಲರೂ ಒಟ್ಟಿಗೆ, ಒಂದೇ ಹೊತ್ತಿಗೆ ನೋಡಬೇಕಾದ್ದು ಏನಾದರೂ ಇದ್ದರೆ ಮಾತ್ರ ಗೋಡೆ ಬೇಕು. ಸಿಮೆಂಟಿನಲ್ಲಿ ಅಂಥವು ಇವೆ. ಕಿಲ್ನ್ ಒಳಗಿನ ಉರಿ ತೋರಿಸುವ ಕ್ಯಾಮೆರಾ, ಕಿಲ್ನಿನ ಹೊರಮೈಯ (ಶೆಲ್) ಬಿಸಿ ಅಳೆಯುವ ಸ್ಕ್ಯಾನರಿನ ಬಣ್ಣದ ಪಟ್ಟಿ, ಪ್ರಿಹೀಟರ್ ಸೈಕ್ಲೋನ್‌ಗಳ ಉಷ್ಣತೆ, ಕೂಲರ್, ಚಿಮಣಿಯ ಹೊಗೆಯ ಅಂಕಿ. ಒಳಗೆ 1450 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಗಟ್ಟಿ) ಬೇಯುತ್ತಿರುವಾಗ ಶೆಲ್ಲಿನ ಒಳಮೈಯ ಇಟ್ಟಿಗೆ ಒಂದು ಕಡೆ ಉದುರಿದರೆ, ಆ ಕೆಂಪು ಮಚ್ಚೆ ಮಿಲ್ಲಿನವರಿಗೂ ಕಾಣಬೇಕು, ಶಿಫ್ಟ್ ಇಂಚಾರ್ಜ್‌ಗೂ ಕಾಣಬೇಕು.

ಒಂದು ಹಾಳೆ ತಗೊಳ್ಳಿ. ಮೂರೂ ಶಿಫ್ಟಿನ ಆಪರೇಟರ್‌ಗಳನ್ನು ಬೇರೆ ಬೇರೆ ಕೂರಿಸಿ ಕೇಳಿ: "ನಿಮ್ಮ ಟೇಬಲ್ ಬಿಟ್ಟು ಏಳದೆ ನಿಮಗೆ ಏನು ಕಾಣಬೇಕು?" ಮೂವರೂ ಹೇಳಿದ್ದು ಗೋಡೆಗೆ ಹೋಗಲಿ. ಒಬ್ಬರೇ ಹೇಳಿದ್ದು ಅವರ ಮಾನಿಟರಿನಲ್ಲೇ ಇರಲಿ. ಈ ಹಾಳೆಯೇ ಮುಂದಿನ ಎಲ್ಲ ಲೆಕ್ಕಕ್ಕೆ ಬುನಾದಿ. ಸಾಹೇಬರಿಗೆ ತೋರಿಸುವುದಕ್ಕೂ ಇದೇ ಒಳ್ಳೆಯ ಕಾಗದ.

ಹಾಳೆಯಲ್ಲಿ ಎರಡು ಮೂರು ಸಾಲು ಮಾತ್ರ ಬಂದರೆ ಗೋಡೆ ಬೇಡ ಅಂತ ಧೈರ್ಯವಾಗಿ ಹೇಳಿ. ನಮ್ಮ ತೊಗರಿ ದಾಲ್ ಮಿಲ್ಲುಗಳಿಗೆ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೆ 24 ಗಂಟೆ ಓಡಲು ಮಾಡಿದ ಒಂದೋ ಎರಡೋ 55 ಇಂಚಿನ ಡಿಸ್‌ಪ್ಲೇ ಸಾಕಾಗುತ್ತದೆ. ಆದರೆ ಮನೆ ಟಿವಿ ಬೇಡ. ಅದನ್ನು ದಿನಕ್ಕೆ ಕೆಲವು ಗಂಟೆ ನೋಡಲು ಮಾಡಿರುತ್ತಾರೆ. ಹಗಲು ರಾತ್ರಿ ಒಂದೇ ಚಿತ್ರ ನಿಲ್ಲಿಸಿದರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡುತ್ತದೆ.

ಹಂತ 2: ಟೇಪು ಮತ್ತು ದಾರ

ಇಲ್ಲಿ ಅವಸರ ಮಾಡಬೇಡಿ. ಅರ್ಧ ದಿನ ಹೋದರೂ ಹೋಗಲಿ.

ಎಲ್ಲಕ್ಕಿಂತ ಹತ್ತಿರದ ಕುರ್ಚಿಯಿಂದ ಗೋಡೆಗೆ ಎಷ್ಟು ದೂರ, ಎಲ್ಲಕ್ಕಿಂತ ದೂರದ ಕುರ್ಚಿಯಿಂದ ಎಷ್ಟು ದೂರ, ಎರಡನ್ನೂ ಅಳೆಯಿರಿ. ಹತ್ತಿರದ ಕುರ್ಚಿಯಿಂದ ಪಿಕ್ಸೆಲ್ (ಚಿತ್ರದ ಒಂದೊಂದು ಚುಕ್ಕಿ) ಎಷ್ಟು ಸಣ್ಣದಿರಬೇಕು ಅಂತ ತಿಳಿಯುತ್ತದೆ. ದೂರದ ಕುರ್ಚಿಯಿಂದ ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ತಿಳಿಯುತ್ತದೆ.

ಅಕ್ಷರಕ್ಕೆ ಸುಲಭದ ಲೆಕ್ಕ ಇದೆ. ಆರಾಮಾಗಿ ಓದಲು ಅಕ್ಷರದ ಎತ್ತರ ಕಣ್ಣಿಗೆ 20 ಮಿನಿಟು ಕೋನ ಮಾಡಬೇಕು. ಇಲ್ಲಿ ಮಿನಿಟು ಅಂದರೆ ಒಂದು ಡಿಗ್ರಿಯಲ್ಲಿ 60ನೇ ಒಂದು ಪಾಲು. ಇಷ್ಟು ಗಣಿತ ಬೇಡ ಅಂದರೆ ದೂರವನ್ನು 172ರಿಂದ ಭಾಗಿಸಿ. ಕುರ್ಚಿ 4.5 ಮೀಟರ್ ದೂರ ಇದ್ದರೆ 26 ಮಿಲಿಮೀಟರ್. 6 ಮೀಟರ್ ಇದ್ದರೆ 35 ಮಿಲಿಮೀಟರ್. ಕಾಗದದ ಮೇಲೆ ಆ ಅಳತೆಯ ಅಂಕಿಗಳನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ. ಕನ್ನಡಕ ಹಾಕುವ ಹಿರಿಯ ಆಪರೇಟರನ್ನು ಕೂರಿಸಿ ಓದಿಸಿ. ಅವರು ಓದಿದರೆ ಎಲ್ಲರೂ ಓದುತ್ತಾರೆ.

ಎತ್ತರಕ್ಕೆ ದಾರ ಬೇಕು. ಕೂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಒಬ್ಬರು ಕುರ್ಚಿಯಲ್ಲಿ ಕೂತು ದಾರದ ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲಿ. ಇನ್ನೊಬ್ಬರು ಅದನ್ನು ಮಾನಿಟರಿನ ತಲೆಯ ಮೇಲಿಂದ ಗೋಡೆಯವರೆಗೆ ಎಳೆಯಲಿ. ದಾರ ಮುಟ್ಟಿದ ಜಾಗಕ್ಕಿಂತ ಕೆಳಗೆ ಏನು ಹಾಕಿದರೂ ಆ ಕುರ್ಚಿಗೆ ಕಾಣುವುದಿಲ್ಲ. ಮೇಲಿನ ಅಂಚಿಗೆ ಕುತ್ತಿಗೆಯ ಲೆಕ್ಕ. ಕಣ್ಣಿನಿಂದ 20 ಡಿಗ್ರಿಗಿಂತ ಮೇಲೆ ಹೋದರೆ ಎಂಟು ಗಂಟೆಯ ಶಿಫ್ಟಿನಲ್ಲಿ ಕುತ್ತಿಗೆ ಹಿಡಿಯುತ್ತದೆ. 4.5 ಮೀಟರ್ ದೂರಕ್ಕೆ ಅದು ನೆಲದಿಂದ ಸುಮಾರು 2.8 ಮೀಟರ್. ಹೀಗೆ ಕೆಳಗಿನ ಅಂಚು, ಮೇಲಿನ ಅಂಚು ಎರಡೂ ಸಿಕ್ಕವು. ಗೋಡೆಯ ಎತ್ತರ ತಾನಾಗೇ ಬಂತು, ಅಲ್ವಾ? ಕಂಟ್ರೋಲ್ ರೂಮಿನ ವಿನ್ಯಾಸಕ್ಕೆ ಐಎಸ್‌ಒ 11064 ಅನ್ನುವ ಮಾನದಂಡವಿದೆ. ಹೊಸ ಕೋಣೆಯನ್ನೇ ಕಟ್ಟಿಸುವವರು ಅದನ್ನು ಒಮ್ಮೆ ಓದಲೇಬೇಕು.

ಹಂತ 3: ಪಿಕ್ಸೆಲ್ ಪಿಚ್, ದುಡ್ಡು ಇಲ್ಲೇ ನಿಂತಿದೆ

ಒಂದು ಎಲ್‌ಇಡಿ ಚುಕ್ಕಿಯ ನಡುವಿನಿಂದ ಪಕ್ಕದ ಚುಕ್ಕಿಯ ನಡುವಿಗೆ ಇರುವ ದೂರವೇ ಪಿಚ್. ಪಿ1.25 ಅಂದರೆ 1.25 ಮಿಲಿಮೀಟರ್. ಒಳ್ಳೆಯ ಕಣ್ಣು ಒಂದು ಮಿನಿಟು ಕೋನದವರೆಗೂ ಚುಕ್ಕಿಗಳನ್ನು ಬೇರೆ ಬೇರೆಯಾಗಿ ನೋಡಬಲ್ಲದು. ಹಾಗಾಗಿ ಪಿಚ್ಚನ್ನು 3.4ರಿಂದ ಗುಣಿಸಿದರೆ ಚುಕ್ಕಿಗಳು ಕರಗಿ ಒಂದಾಗುವ ದೂರ ಮೀಟರಿನಲ್ಲಿ ಸಿಗುತ್ತದೆ. ಪಿ1.25ಕ್ಕೆ ಸುಮಾರು 4.3 ಮೀಟರ್. ಪಿ1.56ಕ್ಕೆ 5.3. ಪಿ1.87ಕ್ಕೆ 6.4. ಇದಕ್ಕಿಂತ ಸ್ವಲ್ಪ ಹತ್ತಿರ ಕೂತರೂ ತೊಂದರೆಯಿಲ್ಲ. ಅರ್ಧಕ್ಕಿಂತ ಹತ್ತಿರ ಕೂರಬೇಕಾದರೆ ಮಾತ್ರ ಆ ಪಿಚ್ ಬೇಡ.

ಬೆಲೆ ಹೆಚ್ಚುಕಡಿಮೆ ಚುಕ್ಕಿಗಳ ಸಂಖ್ಯೆಯ ಹಿಂದೆಯೇ ಓಡುತ್ತದೆ. ಒಂದು ಚದರ ಮೀಟರಿನಲ್ಲಿ ಪಿ2.5ಕ್ಕೆ 1,60,000 ಪಿಕ್ಸೆಲ್. ಪಿ1.25ಕ್ಕೆ 6,40,000. ಪಿಚ್ ಅರ್ಧ ಆಯಿತು, ಚುಕ್ಕಿ ನಾಲ್ಕು ಪಟ್ಟಾಯಿತು. ಅದಕ್ಕೇ ಸುಮ್ನೆ "ಇನ್ನೂ ಸಣ್ಣ ಪಿಚ್ ಕೊಡಿ" ಅಂದರೆ ಕೊಟೇಶನ್ ಹಾರುತ್ತದೆ.

ಹಾಗಂತ ದೊಡ್ಡ ಪಿಚ್ ಹಾಕಿ ಉಳಿಸಲು ಹೋದರೆ ಬೇರೆಯದೇ ಅಪಾಯ. 26 ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಪಿ2.5ರಲ್ಲಿ ಸಿಗುವುದು ಹತ್ತು ಚುಕ್ಕಿ ಮಾತ್ರ. ಆ ಅಳತೆಯಲ್ಲಿ ದಶಾಂಶದ ಬಿಂದು ಒಂದೇ ಒಂದು ಚುಕ್ಕಿಯಾಗಿಬಿಡಬಹುದು. ಆ ಚುಕ್ಕಿ ಸತ್ತರೆ 18.5 ಅನ್ನುವುದು 185 ಆಗಿ ಕಾಣುತ್ತದೆ. ಕಂಟ್ರೋಲ್ ರೂಮಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನು ಕನ್ನಡದ ಅಲಾರಂ ಹಾಕಬೇಕು ಅಂದರೆ ಒತ್ತಕ್ಷರ ಇವೆ. "ಉಷ್ಣತೆ", "ಒತ್ತಡ" ಅನ್ನುವ ಪದಗಳು ಹತ್ತು ಚುಕ್ಕಿಯಲ್ಲಿ ಕೂರುವುದೇ ಇಲ್ಲ. ಪಿ1.56ರಲ್ಲಿ ಅದೇ ಎತ್ತರಕ್ಕೆ 16 ಚುಕ್ಕಿ ಸಿಗುತ್ತವೆ. ಒತ್ತು, ದೀರ್ಘ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಕನ್ನಡದಲ್ಲೂ ಅಲಾರಂ ಇರಲಿ ಅನ್ನುವುದು ನನ್ನ ಆಸೆ. ಅಪಾಯದ ಹೊತ್ತಿನಲ್ಲಿ ಮನಸ್ಸು ತಾಯಿಭಾಷೆಯನ್ನೇ ಬೇಗ ಓದುತ್ತದೆ.

ಈಗ ಅಳತೆಯ ಬಗ್ಗೆ ಒಂದು ಉಪಯೋಗದ ಗುಟ್ಟು. ಗೋಡೆಯನ್ನು ಕ್ಯಾಬಿನೆಟ್ ಅನ್ನುವ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟುತ್ತಾರೆ. ಕಂಟ್ರೋಲ್ ರೂಮಿನ ಎಲ್‌ಇಡಿ ಕ್ಯಾಬಿನೆಟ್‌ಗಳಲ್ಲಿ 600 × 337.5 ಮಿಲಿಮೀಟರಿನವು ಬಹಳ ಚಾಲ್ತಿಯಲ್ಲಿವೆ. ಇದು 16:9 ಆಕಾರ. ಪಿ1.25ರಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು ಕ್ಯಾಬಿನೆಟ್ ಇಟ್ಟರೆ ಸರಿಯಾಗಿ 1920 × 1080 ಪಿಕ್ಸೆಲ್ ಬರುತ್ತದೆ. ಗೋಡೆಯ ಅಳತೆ 2.4 × 1.35 ಮೀಟರ್. ಪಿ1.56ರಲ್ಲಿ ಐದೈದು ಇಟ್ಟರೆ ಅಷ್ಟೇ ಪಿಕ್ಸೆಲ್, 3 × 1.69 ಮೀಟರ್. ಪಿ1.87ರಲ್ಲಿ ಆರಾರು, 3.6 × 2.03 ಮೀಟರ್. ಅಂದರೆ ಪೂರ್ತಿ ಎಚ್‌ಡಿ ಚಿತ್ರದ ಒಂದೊಂದು ಚುಕ್ಕಿಯೂ ಗೋಡೆಯ ಒಂದೊಂದು ಚುಕ್ಕಿಯ ಮೇಲೆ ಸರಿಯಾಗಿ ಕೂರುತ್ತದೆ. ಈ ಲೆಕ್ಕ ತಪ್ಪಿಸಿ "ಜಾಗ ಇದೆ, ಇನ್ನೊಂದು ಸಾಲು ಹಾಕಿ" ಅಂದರೆ ಡಿಸಿಎಸ್ (ಕಾರ್ಖಾನೆ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಚಿತ್ರವನ್ನು ಎಳೆದು ಹಿಗ್ಗಿಸಬೇಕಾಗುತ್ತದೆ. ಆಗ ಪೈಪಿನ ಸಣ್ಣ ಗೆರೆಗಳು ಕೆಲವು ಕಡೆ ದಪ್ಪ, ಕೆಲವು ಕಡೆ ಮಾಯ. ನಾನು ನೋಡಿದ ಒಂದು ಕೋಣೆಯಲ್ಲಿ ಪಿ1.87ರ ಐದೈದು ಕ್ಯಾಬಿನೆಟ್ ಹಾಕಿದ್ದರು. ಬಂದದ್ದು 1600 × 900. ಟ್ರೆಂಡ್ ಗೆರೆಗಳನ್ನು ಓದಲು ಆಪರೇಟರ್‌ಗಳು ಮತ್ತೆ ತಮ್ಮ ಮಾನಿಟರ್‌ಗಳಿಗೇ ಬಗ್ಗುತ್ತಿದ್ದರು.

ಒಂದೇ ಎಚ್‌ಡಿ ಚಿತ್ರ ಸಾಕಾ ಅಂತ ಹಂತ 1ರ ಹಾಳೆ ನೋಡಿ ತೀರ್ಮಾನ ಮಾಡಿ. ನಾಲ್ಕು ಪೂರ್ತಿ ಚಿತ್ರ ಬೇಕಿದ್ದರೆ 4ಕೆ, ಅಂದರೆ ನಾಲ್ಕು ಪಟ್ಟು ಪಿಕ್ಸೆಲ್. ಬಹಳ ಕಡೆ ಒಂದು ದೊಡ್ಡ ಚಿತ್ರ, ಪಕ್ಕದಲ್ಲಿ ನಾಲ್ಕು ಕ್ಯಾಮೆರಾ ಸಾಕಾಗುತ್ತದೆ.

ಹಂತ 4: ಎಲ್‌ಸಿಡಿ ವಾಲ್ ಇನ್ನೂ ಸತ್ತಿಲ್ಲ

55 ಇಂಚಿನ ನಾಲ್ಕು ಎಲ್‌ಸಿಡಿ ಪ್ಯಾನೆಲ್ ಜೋಡಿಸಿದರೆ ಸುಮಾರು 2.4 × 1.36 ಮೀಟರ್ ಗೋಡೆ ಆಗುತ್ತದೆ, ಪಿಕ್ಸೆಲ್ 3840 × 2160. ಅಷ್ಟೇ ಅಳತೆಯ ಪಿ1.25 ಎಲ್‌ಇಡಿಗಿಂತ ನಾಲ್ಕು ಪಟ್ಟು ಜಾಸ್ತಿ ವಿವರ, ಬೆಲೆಯೂ ಕಡಿಮೆ. ಕೋಣೆ ಚಿಕ್ಕದು, ಎಲ್ಲರೂ ಮೂರು ಮೀಟರ್ ಒಳಗೇ ಕೂರುತ್ತಾರೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕೊರತೆ ಎರಡು. ಪ್ಯಾನೆಲ್ ನಡುವೆ ಗೆರೆ ಕಾಣುತ್ತದೆ, 0.88 ಮಿಲಿಮೀಟರಿನ ತೆಳು ಅಂಚಾದರೂ ಕಾಣುತ್ತದೆ. ಬ್ಯಾಕ್‌ಲೈಟಿನ ಆಯುಷ್ಯ ಸಾಮಾನ್ಯವಾಗಿ 50,000 ರಿಂದ 60,000 ಗಂಟೆ. ವರ್ಷಕ್ಕೆ 8,760 ಗಂಟೆ ಓಡಿಸಿದರೆ ಆರೇಳು ವರ್ಷ. ಎಲ್‌ಇಡಿಗೆ ಕಂಪನಿಗಳು 1,00,000 ಗಂಟೆ ಅನ್ನುತ್ತವೆ. ಅಂದರೆ ಹನ್ನೊಂದು ವರ್ಷದ ಮೇಲೆ. ಆದರೆ ಅದು ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು, ಅದರೊಳಗಿನ ಪವರ್ ಸಪ್ಲೈ ಅಷ್ಟು ಬಾಳುವುದಿಲ್ಲ.

ಹಂತ 5: ಡೆಮೊಗೆ ನಿಮ್ಮ ಚಿತ್ರವನ್ನೇ ತಗೊಂಡು ಹೋಗಿ

ಹೈದರಾಬಾದಿನ ಶೋರೂಮಿಗೆ ಹೋಗಿ ನೋಡುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಡಿಸಿಎಸ್ ಸ್ಕ್ರೀನಿನ ಚಿತ್ರ, ಕಿಲ್ನ್ ಕ್ಯಾಮೆರಾದ ವಿಡಿಯೊ, ಕನ್ನಡ ಅಲಾರಂನ ಒಂದು ಹಾಳೆ ಇರಲಿ. ಕೋಣೆಯ ದೀಪ ಕಡಿಮೆ ಮಾಡಿಸಿ. ಪರದೆಯ ಬೆಳಕನ್ನು 20 ಪರ್ಸೆಂಟಿಗೆ ಇಳಿಸಲು ಹೇಳಿ. ಒಳಾಂಗಣದ ಎಲ್‌ಇಡಿಗಳು 600 ನಿಟ್ಸ್, 800 ನಿಟ್ಸ್ ಅಂತ ಹೇಳಿಕೊಳ್ಳುತ್ತವೆ (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ). ಕಂಟ್ರೋಲ್ ರೂಮಿನಲ್ಲಿ ನಾವು ಬಳಸುವುದು 100ರಿಂದ 250. ಆ ಮಂದ ಬೆಳಕಿನಲ್ಲೂ ಬೂದು ಬಣ್ಣ ಬೂದಾಗೇ ಇದೆಯಾ, ಕಡು ಬೂದು ಮತ್ತು ಕಪ್ಪು ಬೇರೆ ಕಾಣುತ್ತವಾ ಅಂತ ನೋಡಿ. ಜಾಸ್ತಿ ಬೆಳಕಿಗೆ ಜಾಸ್ತಿ ದುಡ್ಡು ಕೊಡುವುದು ನಮಗೆ ವ್ಯರ್ಥ.

ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕೊನೆಯ ಕುರ್ಚಿಯವರು ಹಾಗೇ ನೋಡುತ್ತಾರೆ. ಮೊಬೈಲ್ ಕ್ಯಾಮೆರಾ ಹಿಡಿದು ಗೆರೆ ಓಡುತ್ತವಾ ಅಂತಲೂ ನೋಡಿ. 3840 ಹರ್ಟ್ಸ್ ರಿಫ್ರೆಶ್ ಇದ್ದರೆ, ಅಂದರೆ ಚಿತ್ರ ಸೆಕೆಂಡಿಗೆ ಅಷ್ಟು ಸಲ ಹೊಸದಾದರೆ, ಸಾಮಾನ್ಯವಾಗಿ ಆ ಕಾಟ ಇರುವುದಿಲ್ಲ. ಆಪರೇಟರ್ ಒಬ್ಬರನ್ನು ಖಂಡಿತ ಕರೆದುಕೊಂಡು ಹೋಗಿ. ಎರಡು ಟಿಕೆಟ್ಟಿನ ಖರ್ಚು ನೋಡಬೇಡಿ.

ಹಂತ 6: ನಮ್ಮ ಬಿಸಿಲು, ನಮ್ಮ ಧೂಳು

ಇದನ್ನು ಹೊರಗಿನವರು ಹೇಳಿಕೊಡುವುದಿಲ್ಲ. ನಾವೇ ಟೆಂಡರಿನಲ್ಲಿ ಬರೆಯಬೇಕು.

ಸಿಮೆಂಟ್ ಧೂಳು ಬರೀ ಧೂಳಲ್ಲ. ಮಳೆಗಾಲದ ತೇವ ಹಿಡಿದು ಗಟ್ಟಿಯಾಗುತ್ತದೆ. ಎಸ್‌ಎಮ್‌ಡಿ ಮಾದರಿಯಲ್ಲಿ ಒಂದೊಂದು ದೀಪವೂ ಮೇಲೆದ್ದು ನಿಂತಿರುತ್ತದೆ, ಧೂಳು ನಡುವೆ ಕೂರುತ್ತದೆ, ಒರೆಸಲು ಹೋದರೆ ದೀಪವೇ ಕಿತ್ತು ಬರಬಹುದು. ಸಿಒಬಿ ಮಾದರಿಯಲ್ಲಿ ಚಿಪ್ಪುಗಳ ಮೇಲೆ ರಾಳದ ನಯವಾದ ಪದರ ಇರುತ್ತದೆ. ಮೆದು ಬಟ್ಟೆಯಿಂದ ಒರೆಸಬಹುದು. ಸಿಮೆಂಟ್ ಕಾರ್ಖಾನೆಗೆ ಸ್ವಲ್ಪ ದುಬಾರಿಯಾದರೂ ಸಿಒಬಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಏನೇ ಇರಲಿ, ಕೋಣೆಯೊಳಗೆ ಗಾಳಿಯ ಒತ್ತಡ ಹೊರಗಿಗಿಂತ ತುಸು ಜಾಸ್ತಿ ಇರಬೇಕು. ಬಾಗಿಲು ತೆಗೆದಾಗ ಗಾಳಿ ಒಳಗಿಂದ ಹೊರಗೆ ಹೋಗಬೇಕು. ಅದಿಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಪರದೆಯ ಮಾತು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಗಾಳಿ ಒಣಗಿರುತ್ತದೆ. ಆ ಒಣಗಾಳಿಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ತುಂಬಿಕೊಳ್ಳುತ್ತದೆ. ಬಾಗಿಲ ಹಿಡಿಕೆ ಮುಟ್ಟಿದಾಗ ಚುರ್ ಅನ್ನುವುದು ಅದೇ. ಅದು ಎಲ್‌ಇಡಿ ಚಿಪ್ಪನ್ನು ಕೊಲ್ಲಬಲ್ಲದು. ಮಾಡ್ಯೂಲ್ (ಕ್ಯಾಬಿನೆಟ್ಟಿಗೆ ಕೂರಿಸಿದ ಎಲ್‌ಇಡಿ ಹಲಗೆ) ಬಿಚ್ಚುವವರು ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳಲೇಬೇಕು. ಫ್ರೇಮಿಗೆ ಒಳ್ಳೆಯ ಅರ್ಥಿಂಗ್ ಬೇಕು.

ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳದು ಬೇರೆ ಕಥೆ. ಹಂಗಾಮು ಮುಗಿದರೆ ತಿಂಗಳುಗಟ್ಟಲೆ ಎಲ್ಲ ಬಂದ್. ಮಳೆಗಾಲಪೂರ್ತಿ ಆರಿಸಿಟ್ಟ ಎಲ್‌ಇಡಿ ತೇವ ಹೀರುತ್ತದೆ. ಒಮ್ಮೆಗೇ ಪೂರ್ತಿ ಬೆಳಕು ಕೊಟ್ಟರೆ ದೀಪಗಳು ಸಾಯುತ್ತವೆ. ವಾರಕ್ಕೊಮ್ಮೆ ಎರಡು ಗಂಟೆ, ಮೊದಲು ಮಂದ, ಆಮೇಲೆ ನಿಧಾನವಾಗಿ ಏರಿಸುತ್ತಾ ಓಡಿಸಿ.

ಹಳೆಯ ಕಟ್ಟಡಗಳ ಗೋಡೆ ನಂಬಬೇಡಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ಗೋಡೆಗಳು ಇನ್ನೂ ಇವೆ. ಕಲ್ಲಿನ ಸಂದಿಯಲ್ಲಿ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ. ಜಿಪ್ಸಮ್ ಪಾರ್ಟಿಶನ್ ಅಂತೂ ಬೇಡವೇ ಬೇಡ. ಒಂದು ಕ್ಯಾಬಿನೆಟ್ ಆರು ಕೆಜಿ ಅಂದುಕೊಂಡರೂ 25 ಕ್ಯಾಬಿನೆಟ್‌ಗೆ 150 ಕೆಜಿ, ಅದರ ಮೇಲೆ ಫ್ರೇಮಿನ ಭಾರ. ನೆಲದ ಮೇಲೆ ನಿಲ್ಲುವ ಫ್ರೇಮ್ ಮಾಡಿಸಿ, ಮೇಲೆ ಸ್ಲ್ಯಾಬಿಗೆ ಕಟ್ಟಿಸಿ. ಹಿಂದೆ ಜಾಗ ಇಲ್ಲದಿದ್ದರೆ ಮುಂದಿನಿಂದಲೇ ಮಾಡ್ಯೂಲ್ ಬಿಚ್ಚುವ ಮಾದರಿ ಕೇಳಿ.

ಇನ್ನೊಂದು ಮಾತು, ಆಯುಧ ಪೂಜೆಯದು. ಪೂಜೆ ಮಾಡೋಣ, ಖಂಡಿತ. ಆದರೆ ವಿಭೂತಿ, ಕುಂಕುಮವನ್ನು ಫ್ರೇಮಿಗೆ ಹಚ್ಚಿ, ಪರದೆಗೆ ಹಚ್ಚಬೇಡಿ. ಹೂವಿನ ಮಾಲೆಯ ನೀರು ಇಳಿಯದ ಹಾಗೆ ನೋಡಿಕೊಳ್ಳಿ. ಹಿಂದಿನ ದಿನವೇ ಎಲ್ಲರಿಗೂ ಹೇಳಿಡಿ.

ಹಂತ 7: ಪರದೆಯ ಹಿಂದಿನ ಸಾಮಾನು

ಗೋಡೆಗೆ ಚಿತ್ರ ಕಳಿಸುವ ಕಂಟ್ರೋಲರ್‌ನಿಂದ ನೆಟ್‌ವರ್ಕ್ ಕೇಬಲ್‌ಗಳು ಹೊರಡುತ್ತವೆ. ಸಾಮಾನ್ಯ ಗಿಗಾಬಿಟ್ ಪೋರ್ಟ್ ಒಂದು ಸುಮಾರು 6,50,000 ಪಿಕ್ಸೆಲ್ ಹೊರುತ್ತದೆ. ಪೂರ್ತಿ ಎಚ್‌ಡಿಗೆ 20,73,600 ಪಿಕ್ಸೆಲ್, ಅಂದರೆ ನಾಲ್ಕು ಪೋರ್ಟ್. ಒಂದು ಕೇಬಲ್ ಕಡಿದರೂ ಚಿತ್ರ ನಿಲ್ಲಬಾರದು ಅಂದರೆ ಇನ್ನೊಂದು ತುದಿಯಿಂದ ಬರಲು ಮತ್ತೆ ನಾಲ್ಕು. ಕೊಟೇಶನ್ನಿನಲ್ಲಿ ಎಂಟು ಪೋರ್ಟ್ ಇದೆಯಾ ಅಂತ ಎಣಿಸಿ. ಕ್ಯಾಬಿನೆಟ್ಟಿನ ಪವರ್ ಸಪ್ಲೈಗೂ ಜೋಡಿ ಕೇಳಿ. ಎರಡು ಬೇರೆ ಯುಪಿಎಸ್‌ನಿಂದ ಲೈನ್ ಬರಲಿ.

ಗೋಡೆ ಓಡಿಸುವ ಕಂಪ್ಯೂಟರನ್ನು ಡಿಸಿಎಸ್ ನೆಟ್‌ವರ್ಕಿಗೆ ಸುಮ್ನೆ ಸಿಕ್ಕಿಸಬೇಡಿ. ಆಪರೇಟರ್ ಸ್ಟೇಶನ್ನಿನ ವಿಡಿಯೊ ಔಟ್‌ಪುಟ್ ತಗೊಂಡು ಗೋಡೆಗೆ ಕೊಟ್ಟರೆ ಸಾಕು. ಚಿತ್ರ ಹೋಗುತ್ತದೆ, ವೈರಸ್ ಬರುವ ದಾರಿ ಇರುವುದಿಲ್ಲ. ಪೂರೈಕೆದಾರರು ದೂರದಿಂದ ರಿಪೇರಿ ಮಾಡಲು ಇಂಟರ್ನೆಟ್ ಕೇಳಿದರೆ ಗೋಡೆಯ ಕಂಟ್ರೋಲರಿಗೆ ಮಾತ್ರ, ಬೇಕಾದಾಗ ಮಾತ್ರ ಕೊಡಿ.

ಹಂತ 8: ಬಜೆಟ್ ಹಾಳೆ

ಬೆಲೆ ಡಾಲರ್ ಜೊತೆ, ಪಿಚ್ ಜೊತೆ, ವರ್ಷದ ಜೊತೆ ಬದಲಾಗುತ್ತದೆ. ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೇ ನಾನು ಪರದೆಯ ಬೆಲೆಯನ್ನು 100 ರೂಪಾಯಿ ಅಂತ ಇಟ್ಟುಕೊಂಡು ಉಳಿದದ್ದನ್ನು ಅಳೆಯುತ್ತೇನೆ. ಕಂಟ್ರೋಲರ್, ವಿಡಿಯೊ ಪ್ರೊಸೆಸರ್, ಸಾಫ್ಟ್‌ವೇರಿಗೆ 20. ಫ್ರೇಮ್, ಸುತ್ತಲಿನ ಅಲಂಕಾರದ ಪ್ಯಾನೆಲ್‌ಗೆ 10. ಯುಪಿಎಸ್, ಕೇಬಲ್, ಅರ್ಥಿಂಗ್‌ಗೆ 10. ಬಿಡಿಭಾಗಕ್ಕೆ 6. ಎಸಿಗೆ 4. ಸಾಗಣೆ, ವಿಮೆ, ಜೋಡಣೆಗೆ 6. ಒಟ್ಟು 156. ಪರದೆಗೆ ಮಾತ್ರ ಮಂಜೂರಿ ತಗೊಂಡು ಬಂದವರು ಅರ್ಧದಲ್ಲಿ ನಿಂತು, ಕೊನೆಗೆ ಯುಪಿಎಸ್ ಮತ್ತು ಬಿಡಿಭಾಗ ಕಡಿತ ಮಾಡುವುದನ್ನು ಬಹಳ ಸಲ ನೋಡಿದ್ದೇನೆ. ಕಡಿಯಬೇಕಾದರೆ ಅಲಂಕಾರ ಕಡಿಯಿರಿ.

ಓಡಿಸುವ ಖರ್ಚೂ ಬರೆಯಿರಿ. ಮೇಲೆ ಹೇಳಿದ 3 × 1.69 ಮೀಟರ್ ಗೋಡೆ ಸುಮಾರು 5 ಚದರ ಮೀಟರ್. ಚದರ ಮೀಟರಿಗೆ ಗರಿಷ್ಠ 450 ವಾಟ್ ಅಂದರೆ 2.3 ಕಿಲೋವಾಟ್. ವೈರಿಂಗ್, ಯುಪಿಎಸ್‌ಗೆ ಇದೇ ಲೆಕ್ಕ. ಪರದೆಪೂರ್ತಿ ಬಿಳಿ ಇದ್ದಾಗ ಮಾತ್ರ ಅಷ್ಟು ಎಳೆಯುತ್ತದೆ. ಕಡು ಹಿನ್ನೆಲೆಯ ಚಿತ್ರಗಳಿದ್ದರೆ ಸರಾಸರಿ ಮೂರನೇ ಒಂದು ಪಾಲು, 0.8 ಕಿಲೋವಾಟ್. ಆ ಬಿಸಿ ಹೊರಹಾಕಲು ಎಸಿ ಇನ್ನೊಂದು 0.27 ಕಿಲೋವಾಟ್ ತಿನ್ನುತ್ತದೆ. ಎರಡೂ ಸೇರಿ ವರ್ಷಕ್ಕೆ ಸುಮಾರು 9,400 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 65 ಸಾವಿರದ ಸುತ್ತಮುತ್ತ. ನಿಮ್ಮ ಬಿಲ್ಲಿನ ದರ ಹಾಕಿ ಮತ್ತೆ ಲೆಕ್ಕ ಮಾಡಿ. ಡಿಸಿಎಸ್ ಚಿತ್ರದ ಬಿಳಿ ಹಿನ್ನೆಲೆಯನ್ನು ಕಡು ಬೂದಿಗೆ ಬದಲಿಸಿದರೆ ಕರೆಂಟೂ ಉಳಿಯುತ್ತದೆ, ದೀಪಗಳೂ ಸಮನಾಗಿ ಹಳೆಯದಾಗುತ್ತವೆ.

ತೆರಿಗೆ: 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿನಿಂದ 18ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ನಮೂನೆ ಇಟ್ಟುಕೊಂಡವರು 28 ಬರೆದಿದ್ದರೆ ಕೇಳಿ. ತೆರಿಗೆಗೆ ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಕೋಡ್ ಬರೆಸಿಕೊಂಡು ನಿಮ್ಮ ಅಕೌಂಟ್ಸ್‌ನವರಿಗೆ ತೋರಿಸಿ.

ಹಂತ 9: ಆರ್ಡರಿನಲ್ಲಿ ಬರೆಯಬೇಕಾದ ಸಾಲುಗಳು

ಬಿಡಿ ಮಾಡ್ಯೂಲ್‌ಗಳು ಅದೇ ಬ್ಯಾಚಿನವು ಇರಬೇಕು. ಇದನ್ನು ಬರೆಯದೆ ನಾನು ಒಮ್ಮೆ ಅನುಭವಿಸಿದ್ದೇನೆ. ಎರಡು ವರ್ಷದ ನಂತರ ಒಂದು ಮಾಡ್ಯೂಲ್ ಬದಲಿಸಿದೆವು. ಹೊಸ ಬ್ಯಾಚು, ಹೊಸ ಬಣ್ಣ. ಹಳೆಯ ಅಂಗಿಗೆ ಹೊಸ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಒಟ್ಟು ಮಾಡ್ಯೂಲಿನ 5 ಪರ್ಸೆಂಟ್ ಮೊದಲ ದಿನವೇ ತಗೊಳ್ಳಿ. 200 ಮಾಡ್ಯೂಲಿಗೆ ಹತ್ತು. ಜೊತೆಗೆ ಮೂರು ಪವರ್ ಸಪ್ಲೈ, ಮೂರು ರಿಸೀವಿಂಗ್ ಕಾರ್ಡ್ (ಕಂಟ್ರೋಲರ್ ಕಳಿಸಿದ ಚಿತ್ರವನ್ನು ಕ್ಯಾಬಿನೆಟ್ಟಿನಲ್ಲಿ ಪಡೆಯುವ ಕಾರ್ಡ್).

ಸರ್ವಿಸ್ ಇಂಜಿನಿಯರ್ ಎಲ್ಲಿ ಕೂರುತ್ತಾರೆ ಅಂತ ಬರೆಸಿ. ಬೆಂಗಳೂರಿನಿಂದ ನಮ್ಮಲ್ಲಿಗೆ ಬರಲು ಒಂದು ರಾತ್ರಿ ಬೇಕು. ಹೈದರಾಬಾದ್ ಕಲಬುರಗಿಗೆ, ಬೀದರಿಗೆ, ಯಾದಗಿರಿಗೆ ಮೂರಕ್ಕೂ ಹತ್ತಿರ. "24 ಗಂಟೆಯೊಳಗೆ ಸ್ಥಳದಲ್ಲಿ" ಅನ್ನುವ ಸಾಲು, ತಪ್ಪಿದರೆ ಎಷ್ಟು ಕಡಿತ ಅನ್ನುವ ಸಾಲು, ಎರಡೂ ಬೇಕು. ವಾರಂಟಿ ಮುಗಿದ ಮೇಲಿನ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ದರವನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಚೌಕಾಸಿಗೆ ಜಾಗ ಇರುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಕೇಳಿ. ಹಣದ 10 ಪರ್ಸೆಂಟ್ ಮೂರು ತಿಂಗಳು ಹಿಡಿದಿಟ್ಟುಕೊಳ್ಳಿ.

ನೀರಾವರಿ, ವಿದ್ಯುತ್, ನಗರಾಡಳಿತದಂಥ ಸರ್ಕಾರಿ ಕಂಟ್ರೋಲ್ ರೂಮ್ ಆದರೆ ಸರ್ಕಾರಿ ಖರೀದಿಯ ಪಾರದರ್ಶಕತೆಗೆ ಇರುವ ಕರ್ನಾಟಕದ 1999ರ ಕೆಟಿಪಿಪಿ ಕಾಯ್ದೆಯ ಪ್ರಕಾರ ಟೆಂಡರ್. ಭಾರತದ ಜೊತೆ ನೆಲದ ಗಡಿ ಹಂಚಿಕೊಂಡ ಚೀನಾದಂಥ ದೇಶಗಳ ಬಿಡ್ಡರ್‌ಗಳ ನೋಂದಣಿ ಬಗ್ಗೆ 2020ರ ಜುಲೈ 23ರ ಕೇಂದ್ರದ ಆದೇಶವಿದೆ, ಅದನ್ನೂ ಓದಿಕೊಳ್ಳಿ. ಎಲ್‌ಇಡಿ ವ್ಯಾಪಾರದಲ್ಲಿ ಅದು ನೇರವಾಗಿ ತಗಲುತ್ತದೆ.

ಹಂತ 10: ಸಹಿ ಹಾಕುವ ಮೊದಲು ಮೂರು ದಿನ

72 ಗಂಟೆ ನಿಲ್ಲಿಸದೆ ಓಡಿಸಿ. ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಹಾಕಿ ಸತ್ತ ಚುಕ್ಕಿ ಎಣಿಸಿ. ಹತ್ತು ಸಾವಿರಕ್ಕೆ ಒಂದು ಸತ್ತಿದ್ದರೂ ಸರಿ ಅಂತ ಪೂರೈಕೆದಾರರು ಹೇಳುವುದುಂಟು. ಆ ಲೆಕ್ಕದಲ್ಲಿ ಪೂರ್ತಿ ಎಚ್‌ಡಿಗೆ 207 ಚುಕ್ಕಿ ಸತ್ತರೂ ಒಪ್ಪಬೇಕಾಗುತ್ತದೆ. ಕಂಟ್ರೋಲ್ ರೂಮಿಗೆ ಇದು ಬಹಳ ಜಾಸ್ತಿ. ಒಪ್ಪಿಕೊಳ್ಳುವ ದಿನ ಒಂದೂ ಸತ್ತಿರಬಾರದು ಅಂತ ಆರ್ಡರಿನಲ್ಲೇ ಬರೆಯಿರಿ.

ಓಡುತ್ತಿರುವಾಗಲೇ ಒಂದು ಡೇಟಾ ಕೇಬಲ್ ಕೀಳಿ. ಚಿತ್ರ ನಿಂತಿತಾ? ಒಂದು ಯುಪಿಎಸ್ ಲೈನ್ ಆರಿಸಿ. ಕಪ್ಪಾಯಿತಾ? ಪೂರೈಕೆದಾರರ ಮುಖ ನೋಡಬೇಡಿ, ಮಾಡಿಯೇ ನೋಡಿ. ಆಮೇಲೆ ನಿಮ್ಮ ಹುಡುಗರ ಕೈಯಿಂದಲೇ ಒಂದು ಮಾಡ್ಯೂಲ್ ಬಿಚ್ಚಿಸಿ, ಹಾಕಿಸಿ.

ಮೂರನೇ ರಾತ್ರಿ ಎರಡು ಗಂಟೆಗೆ ನೀವೇ ಹೋಗಿ ಕೊನೆಯ ಕುರ್ಚಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಪಕ್ಕದವರನ್ನು ಕೇಳಿ, ಬೆಳಕು ಅವರ ಕಣ್ಣಿಗೆ ಹಿತವಾಗುವವರೆಗೆ ಇಳಿಸಿ. ಆ ಅಂಕಿಯನ್ನೇ ರಾತ್ರಿ ಶಿಫ್ಟಿಗೆ ನಿಲ್ಲಿಸಿ, ಹಗಲಿಗೆ ಬೇರೆ ಅಂಕಿ ಇರಲಿ. ಕ್ಯಾಲಿಬ್ರೇಶನ್ ಫೈಲು ಮತ್ತು ಕಂಟ್ರೋಲರಿನ ಸೆಟ್ಟಿಂಗ್ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಒಂದು ಪ್ರತಿ ಸ್ಟೋರಿನಲ್ಲಿ, ಇನ್ನೊಂದು ಬಿಡಿ ಮಾಡ್ಯೂಲ್ ಇಟ್ಟ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯ ಮೇಲೆ ಬ್ಯಾಚ್ ಸಂಖ್ಯೆ ಬರೆದು, ಯಾವ ದಿನ ಎಷ್ಟು ತೆಗೆದಿರಿ ಅಂತ ನಮೂದಿಸಲು ಒಂದು ಹಾಳೆ ಅಂಟಿಸಿ. ಆಮೇಲೆ ಸಹಿ ಹಾಕಿ.